ಪರದೆ ಕಂಬಿಗೆ ಬಂದಿಳಿಯುವ ಆಕಾಶವಾಣಿ

ಎತ್ತಿನ ಗಾಡಿಯ ಮೇಲೆ ಕೂತ ಉಪಗ್ರಹದ ಫೋಟೊ ನೀವೂ ನೋಡಿರುತ್ತೀರಿ. 1981ರ ಬೆಂಗಳೂರು. ಗಾಡಿಯ ಮೇಲಿರುವುದು ಇಸ್ರೊದ ‘ಆ್ಯಪಲ್’ ಸಂಪರ್ಕ ಉಪಗ್ರಹ. ಅದೇ ವರ್ಷ ಜೂನ್ 19ರಂದು ಅದು ಫ್ರೆಂಚ್ ಗಯಾನಾದ ಕೂರೂವಿನಿಂದ ಏರಿಯಾನ್ ರಾಕೆಟ್ಟಿನಲ್ಲಿ ಆಕಾಶಕ್ಕೆ ಹೋಯಿತು. ಲಾರಿ ಬಾಡಿಗೆಗೂ ದುಡ್ಡಿಲ್ಲದ ಬಡ ದೇಶ ಉಪಗ್ರಹದ ಕನಸು ಕಾಣುತ್ತಿದೆ ಎಂದು ಆ ಚಿತ್ರ ನೋಡಿದ ಅನೇಕರು ಅಂದುಕೊಂಡರು. ಈಗಲೂ ಹಾಗೆಂದುಕೊಂಡು ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರಿದ್ದಾರೆ.

ಅಸಲು ಕಾರಣ ಬಡತನವಲ್ಲ, ಆಂಟೆನಾ. ಉಪಗ್ರಹದ ಆಂಟೆನಾ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಬಯಲಿನಲ್ಲಿಟ್ಟು ನೋಡಬೇಕಿತ್ತು, ಮತ್ತು ಆಗ ಅದರ ಅಡಿಯಲ್ಲಿ ದೊಡ್ಡ ಲೋಹದ ಮೈ ಇರಬಾರದಿತ್ತು. ಲಾರಿಯ ಮೇಲಿಟ್ಟರೆ ಲಾರಿಯೂ ಆಂಟೆನಾದ ಭಾಗವಾಗಿಬಿಡುತ್ತದೆ. ಅದರ ಕಬ್ಬಿಣ ಅಲೆಗಳನ್ನು ಎತ್ತೆತ್ತಲೋ ಎಸೆದು ಅಳತೆ ಕೆಡಿಸುತ್ತದೆ. ಮರದ ಗಾಡಿಯಲ್ಲಿ ಆ ರಗಳೆ ಇಲ್ಲ. ಎಂಜಿನಿಯರುಗಳು ಗಾಡಿ ಹೂಡಿಸಿದ್ದು ಅದಕ್ಕೆ.

ಮನೆಯೊಳಗೆ ಕೂತು ರೇಡಿಯೊ ಕೇಳಲು ಒದ್ದಾಡುವವರು ನೆನಪಿಡಬೇಕಾದ ಮಾತು ಇದರಲ್ಲೇ ಇದೆ. ಲೋಹ ಸುಮ್ಮನೆ ಕೂತಿರುವುದಿಲ್ಲ. ಕಿಟಕಿಯ ಗ್ರಿಲ್, ಬೀರು, ಪರದೆ ಕಂಬಿ, ಫ್ರಿಜ್ಜು, ಬಾಲ್ಕನಿಯ ಬಟ್ಟೆ ತಂತಿ, ಗೋಡೆಯೊಳಗೆ ಕಾಣದೆ ಅಡಗಿದ ಸರಳು, ಎಲ್ಲವೂ ಹಗಲೂ ರಾತ್ರಿ ರೇಡಿಯೊ ಅಲೆಗಳನ್ನು ಹಿಡಿಯುತ್ತಲೋ ತಡೆಯುತ್ತಲೋ ಇರುತ್ತವೆ. ನಾವು ಕೇಳಿದರೂ ಸರಿ, ಕೇಳದಿದ್ದರೂ ಸರಿ. ನಮ್ಮ ಸೆಟ್ಟನ್ನು ಮೂಕ ಮಾಡಿದ್ದು ಇದೇ ಕಬ್ಬಿಣ. ಒಂದಿಷ್ಟು ತಿಳಿದು ಬಳಸಿಕೊಂಡರೆ ಬಾಯಿ ಬಿಡಿಸುವುದೂ ಇದೇ.

ಹೆಂಚಿನ ಮನೆಯಲ್ಲಿ ಚೆನ್ನಾಗಿ ಹಾಡುತ್ತಿದ್ದ ರೇಡಿಯೊ ತಾರಸಿ ಮನೆಗೆ ಬಂದ ಮೇಲೆ ಗೊರಗೊರ ಎನ್ನತೊಡಗಿತು ಎಂಬ ದೂರು ಹಳೆಯದು. ಸೆಟ್ಟಿಗೆ ವಯಸ್ಸಾಯಿತು ಎಂದು ಸಮಾಧಾನಪಟ್ಟುಕೊಂಡವರೇ ಹೆಚ್ಚು. ಆದರೆ ಹೆಂಚು, ಮಣ್ಣಿನ ಗೋಡೆ, ಮರದ ತೊಲೆಗಳ ಮನೆ ರೇಡಿಯೊ ಅಲೆಯ ಪಾಲಿಗೆ ಹೆಚ್ಚುಕಡಿಮೆ ಇಲ್ಲದಂತೆಯೇ. ಕಾಂಕ್ರೀಟು ಹಾಗಲ್ಲ. ಅದರೊಳಗೆ ಅಂಗೈಯಗಲ, ಗೇಣಗಲ ಅಂತರದಲ್ಲಿ ಕಟ್ಟಿದ ಸರಳಿನ ಬಲೆ ಇದೆ.

ಬಲೆಯಲ್ಲಿ ಕಣ್ಣುಗಳಿವೆಯಲ್ಲ, ಅಲೆ ತೂರಿ ಬರಬಾರದೇಕೆ? ಉತ್ತರಕ್ಕೆ ಉತ್ತರ ಕರ್ನಾಟಕದ ಒಂದು ಕಥೆ ಇದೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಭಾರತ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಕಳಿಸಿತು. ‘ಸೈಟ್’ ಎಂದು ಕರೆದ ಆ ಪ್ರಯೋಗದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಬಹುತೇಕರು ಟಿ.ವಿ. ಎಂಬುದನ್ನೇ ನೋಡಿರದ ಊರುಗಳಲ್ಲಿ ನೇರ ಉಪಗ್ರಹದಿಂದ ಚಿತ್ರ ಇಳಿಯಿತು. ಅದನ್ನು ಹಿಡಿದದ್ದು ಸುಮಾರು ಹತ್ತಡಿ ಅಗಲದ ತಟ್ಟೆ ಆಂಟೆನಾ, ಮತ್ತು ಆ ತಟ್ಟೆಗೆ ಹೊದಿಸಿದ್ದು ಕೋಳಿಗೂಡಿನ ಜಾಲರಿ. ತಮಾಷೆಯಲ್ಲ, ಅಂಗಡಿಯಲ್ಲಿ ಸಿಗುವ ಅದೇ ಕೋಳಿ ಜಾಲರಿ. ಉಪಗ್ರಹ ಕಳಿಸುತ್ತಿದ್ದದ್ದು 860 ಮೆಗಾಹರ್ಟ್ಸ್‌ನಲ್ಲಿ. ಆ ಅಲೆಯ ಉದ್ದ ಸುಮಾರು 35 ಸೆಂಟಿಮೀಟರ್. ಜಾಲರಿಯ ಕಣ್ಣು ಅದಕ್ಕಿಂತ ತೀರಾ ಚಿಕ್ಕದು. ಕಣ್ಣು ಅಲೆಗಿಂತ ಬಹಳ ಚಿಕ್ಕದಾದಾಗ ಅಲೆಗೆ ಜಾಲರಿ ಜಾಲರಿಯಾಗಿ ಕಾಣುವುದಿಲ್ಲ, ತಗಡಾಗಿಯೇ ಕಾಣುತ್ತದೆ. ತಗಡಿನ ತಟ್ಟೆಯ ದುಡ್ಡೂ ಉಳಿಯಿತು, ಗಾಳಿಗೆ ಅದು ಹಾರಿಹೋಗುವ ಭಯವೂ ತಪ್ಪಿತು.

ಈಗ ನಿಮ್ಮ ಮನೆಗೆ ಬನ್ನಿ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ ಪ್ರಸಾರ 612 ಕಿಲೋಹರ್ಟ್ಸ್. ಆ ಅಲೆಯ ಉದ್ದ 490 ಮೀಟರ್, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್. ಅದರ ಮುಂದೆ ಸರಳಿನ ಸಂದು ಹಾಗಿರಲಿ, ನಿಮ್ಮ ಕಿಟಕಿ, ಬಾಗಿಲು, ಎರಡು ಪಿಲ್ಲರುಗಳ ನಡುವಿನ ಇಡೀ ಗೋಡೆಯೇ ಕೋಳಿ ಜಾಲರಿಯ ಒಂದು ಕಣ್ಣು. ಹಾಗಾಗಿ ಮೀಡಿಯಂ ವೇವ್ ಅಪಾರ್ಟ್‌ಮೆಂಟಿನ ನಡುಮನೆಗೆ ಬರುವಷ್ಟರಲ್ಲಿ ಉಸಿರು ಕಳೆದುಕೊಂಡಿರುತ್ತದೆ. ಎಫ್‌ಎಂ ಅಲೆಯ ಉದ್ದ ಸುಮಾರು ಮೂರು ಮೀಟರ್. ತಾರಸಿ ಅದನ್ನೂ ತಡೆಯುತ್ತದೆ. ಆದರೆ ಸರಳಿಲ್ಲದ ಇಟ್ಟಿಗೆ ಗೋಡೆಯಲ್ಲಿ, ಅಗಲದ ಕಿಟಕಿಯಲ್ಲಿ ಅದು ನುಸುಳಿ ಬರುತ್ತದೆ. ಒಂದೇ ಮನೆಯಲ್ಲಿ ಎಫ್‌ಎಂ ಹಾಡುತ್ತಿದ್ದು ಮೀಡಿಯಂ ವೇವ್ ಸತ್ತಿರುವುದು ಇದರಿಂದ.

ಇದರಿಂದ ಹೊರಡುವ ಮೊದಲ ಬುದ್ಧಿವಾದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ: ರೇಡಿಯೊವನ್ನು ಕಿಟಕಿಗೆ ತನ್ನಿ. ಆಂಟೆನಾದ ವಿಷಯದಲ್ಲಿ ಜನ ಎಷ್ಟು ಉದ್ದದ ತಂತಿ, ಯಾವ ಲೋಹ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ತಾಮ್ರವೋ ಅಲ್ಯೂಮಿನಿಯಮ್ಮೋ ಕಬ್ಬಿಣವೋ ಎಂಬುದು ಕೇಳುವ ಮಟ್ಟಿಗೆ ಅಷ್ಟೇನೂ ಮುಖ್ಯವಲ್ಲ. ಎಲ್ಲಿದೆ ಎಂಬುದೇ ಮುಖ್ಯ.

ಹಿಂದಿನವರು ಇದನ್ನು ಚೆನ್ನಾಗಿ ಬಲ್ಲರು. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ‘ವಿಠಲ ವಿಹಾರ’ದಿಂದ ಪ್ರಸಾರ ಶುರು ಮಾಡಿದಾಗ ಅವರ ಟ್ರಾನ್ಸ್‌ಮಿಟರಿನ ಶಕ್ತಿ 30 ವ್ಯಾಟ್. ಒಂದು ಮಂಕು ಬಲ್ಬಿಗೆ ಬೇಕಾಗುವಷ್ಟು. ಅಷ್ಟು ಸಣ್ಣ ದನಿಯನ್ನು ಹಿಡಿಯಬೇಕಾದರೆ ಕೇಳುವವನ ಕಡೆ ತಂತಿ ಗಟ್ಟಿಯಾಗಿರಬೇಕು. ಮುಂದೆ 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು ನಿಲಯಗಳು ಬಂದವು. ಮರ್ಫಿ, ಫಿಲಿಪ್ಸ್, ಬುಷ್ ವಾಲ್ವ್ ಸೆಟ್ಟುಗಳು ನಡುಮನೆಯ ಗೂಡಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂತವು. ಆ ಸೆಟ್ಟಿನ ಬೆನ್ನಿಗೆ ಎರಡು ತೂತು: ಒಂದು ಏರಿಯಲ್ಲಿಗೆ, ಇನ್ನೊಂದು ಅರ್ಥ್‌ಗೆ. ಏರಿಯಲ್ಲೆಂದರೆ ಗೋಡೆಯಿಂದ ಗೋಡೆಗೆ, ಸೂರಿನ ಕೆಳಗೆ ಎಳೆದು ಕಟ್ಟಿದ, ಬೆರಳಗಲದ ತಾಮ್ರದ ಜಾಲರಿ ಪಟ್ಟಿ. ಆ ಪಟ್ಟಿ ಕಂಡರೆ ಸಾಕು, ಈ ಮನೆಯಲ್ಲಿ ರೇಡಿಯೊ ಇದೆ ಎಂದು ಬಂದವರಿಗೆ ತಿಳಿಯುತ್ತಿತ್ತು. ಅರ್ಥ್ ತಂತಿ ಕಿಟಕಿಯಿಂದ ಹೊರಗಿಳಿದು ಇದ್ದಿಲು, ಉಪ್ಪು ತುಂಬಿದ ಗುಂಡಿಗೋ ನೆಲದೊಳಗೆ ಹೋಗುವ ನಲ್ಲಿಯ ಕಬ್ಬಿಣದ ಪೈಪಿಗೋ ಸೇರುತ್ತಿತ್ತು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷ ವರ್ಷ ಲೈಸೆನ್ಸ್ ಕಟ್ಟಬೇಕಿದ್ದ ಕಾಲ ಅದು.

ಆ ಪಟ್ಟಿ, ಆ ಗುಂಡಿಗಳ ಬಲದ ಮೇಲೆಯೇ 1950ರ ದಶಕದಲ್ಲಿ ಕರ್ನಾಟಕದ ಮನೆಗಳು ಶಾರ್ಟ್ ವೇವ್‌ನಲ್ಲಿ ರೇಡಿಯೊ ಸಿಲೋನ್ ಹಿಡಿದವು. ನಮ್ಮ ಆಕಾಶವಾಣಿ ಸಿನಿಮಾ ಹಾಡಿಗೆ ಮುಖ ತಿರುಗಿಸಿದ್ದ ಹೊತ್ತಿನಲ್ಲಿ, 1952ರಿಂದ, ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಬುಧವಾರದ ರಾತ್ರಿಯನ್ನು ತನ್ನದಾಗಿಸಿಕೊಂಡಿತು. ವಿವಿಧ ಭಾರತಿ ಹುಟ್ಟಲು 1957ರ ಅಕ್ಟೋಬರ್ ಬರಬೇಕಾಯಿತು. ಸಿಲೋನಿನ ದನಿ ಏರಿಳಿಯುತ್ತ, ಅಲೆ ಅಲೆಯಾಗಿ ಬರುವಾಗ ಒಬ್ಬರು ಎದ್ದು ಹೋಗಿ ಏರಿಯಲ್ ತಂತಿ ಮುಟ್ಟಿಕೊಂಡು ನಿಲ್ಲುತ್ತಿದ್ದರು; ದನಿ ಏರುತ್ತಿತ್ತು. ಹಾಡು ಮುಗಿಯುವವರೆಗೆ ಅವರು ಅಲ್ಲಾಡುವಂತಿಲ್ಲ. ಮನುಷ್ಯನ ಮೈಯಲ್ಲಿ ಉಪ್ಪುನೀರಿದೆ, ಐದೂವರೆ ಅಡಿ ಎತ್ತರವಿದೆ. ಅದೂ ಒಂದು ಆಂಟೆನಾ. ಮನೆಯ ಕಿರಿಯರಿಗೆ ಈ ಕೆಲಸ ಬೀಳುತ್ತಿದ್ದದ್ದು ಭೌತಶಾಸ್ತ್ರದ ಕಾರಣಕ್ಕಲ್ಲ.

ಮನೆಯ ಸಾಮಾನನ್ನೇ ಆಂಟೆನಾ ಮಾಡುವ ಚಾಳಿ ರೇಡಿಯೊದಷ್ಟೇ ಹಳೆಯದು. 1920ರ ದಶಕದಲ್ಲಿ ಬ್ರಿಟನ್ನಿನ ಅಂಚೆ ಇಲಾಖೆ ಲೈಸೆನ್ಸಿನಲ್ಲೇ ಏರಿಯಲ್ಲಿನ ಉದ್ದಕ್ಕೆ ನೂರಡಿಯ ಮಿತಿ ಹಾಕಿತ್ತು. ಅಂಗಳವೇ ಇಲ್ಲದ ಪಟ್ಟಣದ ಬಾಡಿಗೆ ಕೋಣೆಯವರಿಗೆ ನೂರಡಿ ಎಲ್ಲಿಂದ ಬರಬೇಕು? ಅಲ್ಲೂ ಅಮೆರಿಕದಲ್ಲೂ ಜನ ಕ್ರಿಸ್ಟಲ್ ಸೆಟ್ಟಿನ ತಂತಿಯನ್ನು ಮಂಚದ ಸ್ಪ್ರಿಂಗಿಗೆ ಸಿಕ್ಕಿಸಿದರು. ಕ್ರಿಸ್ಟಲ್ ಸೆಟ್ಟಿಗೆ ಬ್ಯಾಟರಿ ಇಲ್ಲ, ಕರೆಂಟಿಲ್ಲ. ಗಾಳಿಯಲ್ಲಿ ಬಂದ ಅಲೆಯ ಬಲದಲ್ಲೇ ಇಯರ್‌ಫೋನು ನುಡಿಯಬೇಕು. ಅದಕ್ಕೆ ಮಂಚದಷ್ಟು ದೊಡ್ಡ ಲೋಹವೇ ಬೇಕಿತ್ತು. 1944ರಲ್ಲಿ ಇಟಲಿಯ ಆಂಜಿಯೊದಲ್ಲಿ ಕಂದಕ ತೋಡಿ ಕೂತಿದ್ದ ಸೈನಿಕರು ಇನ್ನೂ ಮುಂದೆ ಹೋದರು. ಶೇವಿಂಗ್ ಬ್ಲೇಡಿನ ಮೇಲೆ ಪೆನ್ಸಿಲ್ ಸೀಸದ ತುದಿ ಊರಿಸಿ ಅದನ್ನೇ ಕ್ರಿಸ್ಟಲ್ ಮಾಡಿಕೊಂಡರು. ಜಪಾನಿನಿಂದ 1950ರ ದಶಕದ ಕೊನೆಗೆ ಬಂದ ರಾಕೆಟ್ ಆಕಾರದ ಆಟಿಕೆ ರೇಡಿಯೊದಲ್ಲಿ ಒಂದು ಕ್ಲಿಪ್ ಇರುತ್ತಿತ್ತು. ಅದನ್ನು ಟೆಲಿಫೋನ್ ಡಯಲ್ಲಿನಲ್ಲಿ ಬೆರಳು ತಡೆಯುವ ಲೋಹದ ಕೊಕ್ಕೆಗೆ ಹಾಕಿ ಎಂದು ಹೇಳುತ್ತಿದ್ದರು. ಹುಡುಗರು ಹೊದಿಕೆಯೊಳಗೆ ಕ್ರಿಕೆಟ್ಟಲ್ಲದಿದ್ದರೆ ಬೇಸ್‌ಬಾಲ್ ಕೇಳಿದರು.

ಇಷ್ಟು ಪೀಠಿಕೆ ಸಾಕು. ಕೈ ಹಾಕೋಣ, ಮೊದಲು ಎಫ್‌ಎಂಗೆ. ಅದರಲ್ಲಿ ಫಲ ಬೇಗ ಕಾಣುತ್ತದೆ.

ಆಂಟೆನಾ ಎಂಬ ಲೋಹದ ಕಡ್ಡಿ ತನ್ನ ಉದ್ದಕ್ಕೆ ಹೊಂದುವ ಅಲೆಯನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಅಲೆಯ ಅರ್ಧದಷ್ಟು ಉದ್ದವಿದ್ದರೆ ಉತ್ತಮ. 300 ಅನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಬೆಂಗಳೂರಿನ ರೇನ್‌ಬೋ 101.3, ಭಾಗಿಸಿದರೆ 2.96 ಮೀಟರ್, ಅರ್ಧ ಮಾಡಿದರೆ 148 ಸೆಂಟಿಮೀಟರ್. ಮೈಸೂರಿನ 100.6, ಮಡಿಕೇರಿಯ 103.1 ಕೂಡ ಇದರ ಆಸುಪಾಸೇ. ನಿಜವಾದ ಕಂಬಿಗೆ ದಪ್ಪವಿರುವುದರಿಂದ ಲೆಕ್ಕಕ್ಕಿಂತ ಶೇ 5ರಷ್ಟು ಗಿಡ್ಡವಾದರೆ ಸರಿಯಾಗುತ್ತದೆ, ಅಂದರೆ 140 ಸೆಂಟಿಮೀಟರ್.

ಈಗ ಮನೆಯಲ್ಲಿ ಸುತ್ತ ಕಣ್ಣಾಡಿಸಿ. ನಾಲ್ಕಡಿ ಕಿಟಕಿಗೆ ಹಾಕುವ ಪರದೆ ಕಂಬಿ ಎಷ್ಟುದ್ದ? ಎರಡೂ ಕಡೆ ಅರ್ಧರ್ಧ ಅಡಿ ಬಿಟ್ಟು ಐದಡಿ, ಅಂದರೆ 152 ಸೆಂಟಿಮೀಟರ್. ಯಾರೂ ರೇಡಿಯೊ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ತಯಾರಿಸಿಲ್ಲ, ಆದರೆ ಎಫ್‌ಎಂಗೆ ಇದಕ್ಕಿಂತ ಒಳ್ಳೆಯ ಅಳತೆ ಮನೆಯಲ್ಲಿ ಬೇರೆ ಸಿಗುವುದಿಲ್ಲ. ಕೊಳವೆಯಷ್ಟು ದಪ್ಪವಿರುವುದರಿಂದ ಒಂದೇ ಸ್ಟೇಷನ್ನಿಗೆ ಅಂಟಿಕೊಳ್ಳದೆ 88ರಿಂದ 108ರ ತನಕ ಬಹುಪಾಲು ಬ್ಯಾಂಡಿಗೆ ಸ್ಪಂದಿಸುತ್ತದೆ. ಕಂಬಿಯನ್ನು ಹೊತ್ತ ಬ್ರ್ಯಾಕೆಟ್ಟುಗಳ ಸ್ಕ್ರೂ ಗೋಡೆಯೊಳಗಿನ ಪ್ಲಾಸ್ಟಿಕ್ ಅಥವಾ ಮರದ ಬೆಣೆಯಲ್ಲಿ ಕೂತಿರುತ್ತದೆ, ಆದ್ದರಿಂದ ಗೋಡೆಯ ತೇವಕ್ಕೂ ಸರಳಿಗೂ ಅದಕ್ಕೆ ನಂಟಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಅದು ಇರುವುದೇ ಕಿಟಕಿಯ ತಲೆಯ ಮೇಲೆ. ಮರದ ಅಥವಾ ಪ್ಲಾಸ್ಟಿಕ್ ಕಂಬಿಯಾದರೆ ಮಾತ್ರ ಈ ಪ್ಯಾರಾ ನಿಮಗಲ್ಲ.

ತಂತಿ ಹಾಕುವ ಮೊದಲು ಒಂದು ಕೆಲಸ ಮಾಡಿ. ರೇಡಿಯೊದ ಕಡ್ಡಿ ಏರಿಯಲ್ಲನ್ನು ಪೂರಾ ಎಳೆದು, ಅದನ್ನು ಪರದೆ ಕಂಬಿಯ ತುದಿಯ ಹತ್ತಿರ ಸಮಾಂತರವಾಗಿ ಹಿಡಿಯಿರಿ. ಮುಟ್ಟಿಸಬೇಕಾಗಿಲ್ಲ. ದನಿ ತಿಳಿಯಾದರೆ ಕಂಬಿ ಕೆಲಸ ಮಾಡುತ್ತಿದೆ. ಅರ್ಧ ಅಲೆಯುದ್ದದ ಕಂಬಿಯಲ್ಲಿ ವೋಲ್ಟೇಜು ಹೆಚ್ಚಿರುವುದು ತುದಿಗಳಲ್ಲಿ. ನಡುವಿನಲ್ಲಿ ಏನೂ ಇರುವುದಿಲ್ಲ. ಜನ ಕ್ಲಿಪ್ಪನ್ನು ಕಂಬಿಯ ಮಧ್ಯಕ್ಕೆ ಹಾಕಿ ‘ಏನೂ ಆಗಲಿಲ್ಲ’ ಎನ್ನುವುದು ಇದಕ್ಕೇ. ತುದಿಯ ಗುಂಡು ಬಿಚ್ಚಿ, ಒಳಗಿನ ಬಣ್ಣವಿಲ್ಲದ ಜಾಗಕ್ಕೆ ಮೊಸಳೆ ಕ್ಲಿಪ್ ಹಾಕಿ, ಅಲ್ಲಿಂದ ಒಂದಡಿಯ ತಂತಿ ತಂದು ರೇಡಿಯೊದ ಕಡ್ಡಿಗೆ ಸೇರಿಸಿ. ತಂತಿ ಮೀಟರುಗಟ್ಟಲೆ ಉದ್ದವಾದರೆ ಅಳತೆಯ ಲಾಭ ಹೋಗಿಬಿಡುತ್ತದೆ.

ಇನ್ನೊಂದು ಮಿತಿ. ಅಡ್ಡ ಮಲಗಿದ ಕಂಬಿ ತನ್ನ ಎರಡು ಬದಿಗಳಿಂದ ಬರುವುದನ್ನು ಕೇಳುತ್ತದೆ; ತುದಿಗಳ ನೇರಕ್ಕೆ ಕಿವುಡು. ಪೂರ್ವ-ಪಶ್ಚಿಮವಾಗಿ ಇರುವ ಕಂಬಿ ಉತ್ತರದ, ದಕ್ಷಿಣದ ಸ್ಟೇಷನ್ನುಗಳಿಗೆ ಒಳ್ಳೆಯದು. ಟವರು ಯಾವ ದಿಕ್ಕಿಗಿದೆ ಎಂದು ನೋಡಿಕೊಂಡು ಯಾವ ಕೋಣೆಯ ಕಿಟಕಿ ಎಂದು ತೀರ್ಮಾನಿಸಿ.

ಕಂಬಿ ಹಚ್ಚದೆಯೂ ಎಫ್‌ಎಂ ಎಷ್ಟೋ ಸಲ ಸುಧಾರಿಸುತ್ತದೆ. ಟವರಿನಿಂದ ನೇರ ಬಂದ ಅಲೆಯೂ ಎದುರು ಗೋಡೆಗೆ ಬಡಿದು ಹಿಂದಿರುಗಿದ ಅಲೆಯೂ ಕೋಣೆಯಲ್ಲಿ ಸೇರಿ, ಕೆಲವು ಕಡೆ ಒಂದನ್ನೊಂದು ಹೆಚ್ಚಿಸುತ್ತವೆ, ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಏರಿಗೂ ತಗ್ಗಿಗೂ ನಡುವೆ ಕಾಲು ಅಲೆಯ ದೂರ, ಸುಮಾರು 75 ಸೆಂಟಿಮೀಟರ್. ಫ್ರಿಜ್ಜಿನ ಮೇಲೆ ಒದರಾಡುವ ಸೆಟ್ಟು ಪಕ್ಕದ ಶೆಲ್ಫಿಗೆ ಬಂದೊಡನೆ ಸರಿಯಾಗುವುದರಲ್ಲಿ ಪವಾಡವೇನಿಲ್ಲ. ಹಾಗೆಯೇ ನೀವು ಪಕ್ಕ ನಿಂತಾಗ ಚೆನ್ನಾಗಿ ಹಾಡಿ, ಕುರ್ಚಿಗೆ ಹೋಗಿ ಕೂತ ಕೂಡಲೇ ಕೈಕೊಡುವ ರೇಡಿಯೊ ನಿಮ್ಮ ಮೈಯನ್ನು ಪ್ರತಿಫಲಕ ಮಾಡಿಕೊಂಡಿತ್ತು, ಅಷ್ಟೆ. ನೀವು ನಿಂತ ಜಾಗದಲ್ಲಿ ಒಂದು ಸ್ಟೀಲ್ ತಟ್ಟೆ ಒರಗಿಸಿ ನೋಡಬಹುದು, ಕೆಲವೊಮ್ಮೆ ಸಾಕಾಗುತ್ತದೆ.

ಬಹುತೇಕರು ಮೊದಲು ಕೈ ಹಾಕುವುದು ಕಿಟಕಿಯ ಗ್ರಿಲ್ಲಿಗೆ. ನೋಡಲು ದೊಡ್ಡದು, ಹೊರಗಿದೆ, ಕಬ್ಬಿಣ. ಆದರೆ ಗ್ರಿಲ್ಲುಗಳಲ್ಲಿ ಎರಡು ಜಾತಿ. ಮರದ ಚೌಕಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದ್ದಾದರೆ ಅದು ಬಿಡಿ ಲೋಹ, ಆಂಟೆನಾ ಆಗಬಲ್ಲದು. ಸಿಮೆಂಟಿನಲ್ಲಿ ಕಾಲು ಹುಗಿದು ನಿಲ್ಲಿಸಿದ್ದಾದರೆ ಗೋಡೆಯ ತೇವದ ಮೂಲಕ, ಎಷ್ಟೋ ಸಲ ಸರಳಿನ ಮೂಲಕವೂ, ಅದು ಕಟ್ಟಡಕ್ಕೇ ಸೇರಿಹೋಗಿರುತ್ತದೆ. ಅಂಥ ಗ್ರಿಲ್ಲಿಂದ ಏರಿಯಲ್ಲಿನ ಕೆಲಸ ಬಯಸುವುದಕ್ಕಿಂತ ಅದನ್ನು ಅರ್ಥ್ ಆಗಿ ಬಳಸುವುದೇ ಜಾಣತನ. ಮಹಡಿ ಮನೆಯವರಿಗೆ ಇದು ದೊಡ್ಡ ಅನುಕೂಲ, ಯಾಕೆಂದರೆ ಹಳೆಯ ಕಬ್ಬಿಣದ ನಲ್ಲಿ ಪೈಪು ಹೋಗಿ ಪ್ಲಾಸ್ಟಿಕ್ ಪೈಪು ಬಂದ ಮೇಲೆ ಅರ್ಥ್‌ಗೆ ಮನೆಯಲ್ಲಿ ಬೇರೆ ಗತಿಯಿಲ್ಲ.

ಯಾವ ಜಾತಿಯದೇ ಆಗಲಿ, ಬಣ್ಣದ ಮೇಲೆ ಕ್ಲಿಪ್ ಹಾಕಬೇಡಿ. ಕಾಣದ ಮೂಲೆಯಲ್ಲಿ ಮರಳುಕಾಗದದಿಂದ ಉಜ್ಜಿ ಹೊಳೆಯುವ ಲೋಹ ಕಂಡ ಮೇಲೆ ಹಾಕಿ. ತುಕ್ಕು ಇನ್ನೂ ಕೆಟ್ಟದ್ದು. ತುಕ್ಕು ಹಿಡಿದ ಕೀಲು ಆಂಜಿಯೊ ಸೈನಿಕರ ಬ್ಲೇಡು-ಪೆನ್ಸಿಲಿನ ಹಾಗೆ ತಾನೇ ಒಂದು ಒರಟು ಡಯೋಡ್ ಆಗಿ, ಎರಡು ಬಲವಾದ ಸ್ಟೇಷನ್ನುಗಳನ್ನು ಬೆರೆಸಿ ಇಲ್ಲದ ಮೂರನೆಯ ಜಾಗದಲ್ಲಿ ಕಲಸುಮೇಲೋಗರ ಕೇಳಿಸಬಲ್ಲದು. ಗಾಳಿಗೆ ಗ್ರಿಲ್ ಅಲುಗಿದಾಗ ರೇಡಿಯೊ ಕರಕರ ಎಂದರೆ ಆ ಕೀಲನ್ನೇ ಸಂಶಯಿಸಿ. ಅಲ್ಯೂಮಿನಿಯಂ ಜಾರುಕಿಟಕಿಯ ಚೌಕಟ್ಟಿನ ಹೊಳಪು ಮೇಲ್ಪದರವೂ ಕರೆಂಟನ್ನು ಬಿಡುವುದಿಲ್ಲ, ಅದನ್ನೂ ಕೆರೆಯಬೇಕು. ಮನೆ ಯಜಮಾನರ ಒಪ್ಪಿಗೆ ಇದ್ದರೆ.

ಬೀರುವಿನ ಬಗ್ಗೆ ಜನರಿಗೆ ಇರುವ ನಂಬಿಕೆ ನನಗಿಲ್ಲ. ದೊಡ್ಡ ಲೋಹ ನಿಜ, ಆದರೆ ಅದು ಇರುವುದು ಮನೆಯ ಅತಿ ಒಳಗಿನ ಗೋಡೆಗೆ ಬೆನ್ನು ಕೊಟ್ಟು. ಅಲೆ ತಲುಪದ ಕಡೆ ಎಷ್ಟು ದೊಡ್ಡ ಲೋಹವಿದ್ದರೇನು. ಬೀರುವಿನ ಮೇಲೆ ರೇಡಿಯೊ ಇಟ್ಟಾಗ ಎಫ್‌ಎಂ ಸುಧಾರಿಸಿದರೆ ಅದು ಎತ್ತರದ ಪುಣ್ಯ. ಮೀಡಿಯಂ ವೇವ್ ಅಂತೂ ತಗಡಿನ ಮೇಲಿಟ್ಟರೆ ಕುಗ್ಗುವುದೇ ಹೆಚ್ಚು.

ಮೀಡಿಯಂ ವೇವ್‌ನ ಲೆಕ್ಕವೇ ಬೇರೆ. 490 ಮೀಟರಿನ ಅರ್ಧ, ಕಾಲು ಎಂದು ಅಳೆಯುತ್ತ ಹೊರಟರೆ ಪಕ್ಕದ ಬೀದಿಗೆ ಹೋಗಬೇಕಾಗುತ್ತದೆ. ಇಲ್ಲಿ ಅಳತೆ ಹೊಂದಿಸುವ ಆಸೆ ಬಿಟ್ಟು, ಆದಷ್ಟು ಉದ್ದದ ಲೋಹವನ್ನು ಆದಷ್ಟು ಹೊರಗೆ ಹುಡುಕಬೇಕು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಜಿಐ ತಂತಿ ಇದಕ್ಕೆ ಹೇಳಿ ಮಾಡಿಸಿದ್ದು. ಹತ್ತು ಹದಿನೈದು ಅಡಿ, ಕಾಂಕ್ರೀಟಿನ ಬಲೆಯಿಂದ ಹೊರಗೆ. ಎರಡೂ ತುದಿ ಮೊಳೆಗೆ ಕಟ್ಟಿರುವಲ್ಲಿ ನೈಲಾನ್ ಹಗ್ಗದ ತುಂಡು ಸೇರಿಸಿದರೆ ತಂತಿ ಗೋಡೆಯಿಂದ ಬೇರೆಯಾಗುತ್ತದೆ. ಬಟ್ಟೆ ಹಾಕಿದರೂ ಏನೂ ತೊಂದರೆಯಿಲ್ಲ. ಶಾರ್ಟ್ ವೇವ್‌ಗೂ ಇದೇ ತಂತಿ ಸಾಕು.

ತಂತಿ ಸಿಕ್ಕಿತು, ರೇಡಿಯೊಗೆ ಸೇರಿಸುವುದು ಹೇಗೆ? ಟ್ರಾನ್ಸಿಸ್ಟರ್ ಸೆಟ್ಟಿನ ಕಡ್ಡಿ ಏರಿಯಲ್ ಸಾಮಾನ್ಯವಾಗಿ ಎಫ್‌ಎಂ, ಶಾರ್ಟ್ ವೇವ್‌ಗಳಿಗೆ ಮಾತ್ರ. ಮೀಡಿಯಂ ವೇವ್ ಹಿಡಿಯುವುದು ಸೆಟ್ಟಿನೊಳಗೆ ಅಡ್ಡ ಮಲಗಿರುವ, ಬೆರಳುದ್ದದ ಕಪ್ಪು ಫೆರೈಟ್ ಕಡ್ಡಿ. ಅದಕ್ಕೆ ಸುತ್ತಿದ ಸಣ್ಣ ತಂತಿಯನ್ನು ಮುಟ್ಟುವ ಹಾಗಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಪ್ಲಾಸ್ಟಿಕ್ ಹೊದಿಕೆಯ ತಂತಿಯನ್ನು ಇಡೀ ರೇಡಿಯೊದ ಸುತ್ತ, ಫೆರೈಟ್ ಕಡ್ಡಿಯ ಮೇಲೆ ಸುತ್ತಿದ ದಿಕ್ಕಿನಲ್ಲೇ, ಐದಾರು ಸುತ್ತು ಹಾಕಿ. ಅದರ ಒಂದು ತುದಿ ಬಟ್ಟೆ ತಂತಿಗೆ, ಇನ್ನೊಂದು ತುದಿ ಗೋಡೆಗೆ ಹುಗಿದ ಗ್ರಿಲ್ಲಿಗೆ. ಏರಿಯಲ್ಲಿನಿಂದ ಅರ್ಥ್‌ಗೆ ಹರಿಯುವ ಕಿರು ಪ್ರವಾಹ ಆ ಸುತ್ತುಗಳಲ್ಲಿ ಹಾಯುವಾಗ ಒಳಗಿನ ಫೆರೈಟ್ ಕಡ್ಡಿಗೆ ತಾನಾಗಿ ದಾಟಿಕೊಳ್ಳುತ್ತದೆ. ಹಳೆಯ ಕಾಲದ ಏರಿಯಲ್-ಅರ್ಥ್ ಜೋಡಿಯನ್ನೇ ಸೆಟ್ಟು ಬಿಚ್ಚದೆ ಮರಳಿ ತಂದಂತಾಯಿತು.

ಇಷ್ಟೆಲ್ಲ ಮಾಡಿದ ಮೇಲೂ ಗುಂಯ್ ಎಂಬ ಸದ್ದು ಜೋರಾಗಿ, ಹಿಂದೆಲ್ಲೋ ಪ್ರದೇಶ ಸಮಾಚಾರ ಕೇಳಿದರೆ ಆಂಟೆನಾವನ್ನು ಬೈಯಬೇಡಿ. ಈಗಿನ ಮನೆಯಲ್ಲಿ ಮೀಡಿಯಂ ವೇವ್‌ನ ನಿಜವಾದ ಶತ್ರು ಕಾಂಕ್ರೀಟಿಗಿಂತ ಹೆಚ್ಚಾಗಿ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಇನ್ವರ್ಟರು, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರು. ಇವೆಲ್ಲ ಕರೆಂಟನ್ನು ಸೆಕೆಂಡಿಗೆ ಲೆಕ್ಕವಿಲ್ಲದಷ್ಟು ಸಲ ಕತ್ತರಿಸಿ ಜೋಡಿಸುವ ಯಂತ್ರಗಳು. ಆ ಕತ್ತರಿಯ ಸದ್ದು ಮನೆಯ ವೈರಿಂಗಿನ ತುಂಬ ಹರಡಿ ಮೀಡಿಯಂ ವೇವ್‌ನಲ್ಲಿ ಕೇಳುತ್ತದೆ. ರೇಡಿಯೊಗೆ ಬ್ಯಾಟರಿ ಹಾಕಿ, ಮೇನ್ ಸ್ವಿಚ್ ಒಮ್ಮೆ ಆರಿಸಿ ನೋಡಿ. ಕರೆಂಟು ಹೋದಾಗ ರೇಡಿಯೊ ಚೆನ್ನಾಗಿ ಬರುತ್ತದೆ ಎನ್ನುವ ಹಳ್ಳಿಯ ಅಜ್ಜನ ಮಾತು ಅಕ್ಷರಶಃ ನಿಜ. ಆಂಟೆನಾ ದೊಡ್ಡದು ಮಾಡಿದಷ್ಟೂ ಈ ಗದ್ದಲವೂ ದೊಡ್ಡದಾಗುತ್ತದೆ. ಬಟ್ಟೆ ತಂತಿ ಗ್ರಿಲ್ಲಿಗಿಂತ ಮೇಲಾದದ್ದು ಅದು ವೈರಿಂಗಿನಿಂದ ದೂರವಿದೆ ಎಂಬ ಕಾರಣಕ್ಕೂ ಹೌದು. ವಿಜ್ಞಾನಿಗಳಿಗೂ ಇದೇ ಚಿಂತೆ. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಲು 1970ರ ದಶಕದಲ್ಲಿ ಒಂದು ಸಾವಿರ ಡೈಪೋಲ್ ಆಂಟೆನಾಗಳನ್ನು ಸಾಲಾಗಿ ಕಟ್ಟಿದ್ದು ಬೆಂಗಳೂರಿನೊಳಗಲ್ಲ, ಗೌರಿಬಿದನೂರಿನ ಬಯಲಿನಲ್ಲಿ.

ಇನ್ನು ಮುಟ್ಟಬಾರದ ಲೋಹಗಳು. ಸ್ವಿಚ್ ಬೋರ್ಡಿನ ಯಾವ ತೂತಿಗೂ ಏರಿಯಲ್ ತಂತಿ ತೂರಿಸಬಾರದು. ‘ಅರ್ಥ್ ಪಿನ್ ತಾನೇ’ ಎಂಬ ಧೈರ್ಯ ವೈರಿಂಗ್ ಮಾಡಿದವರು ತಂತಿ ಅದಲುಬದಲು ಮಾಡಿರದಿದ್ದರೆ ಮಾತ್ರ ಸರಿ. ಗ್ಯಾಸಿನ ಪೈಪು, ಸಿಲಿಂಡರು, ಸ್ಟವ್ ಯಾವುದಕ್ಕೂ ಕ್ಲಿಪ್ ಬೇಡ. ಗ್ರಿಲ್ಲಿಗೆ ಕೈ ಹಾಕುವ ಮೊದಲು ಟೆಸ್ಟರ್ ಇಟ್ಟು ನೋಡಿ. ಹೊರಗೆ ಯಾವುದೋ ಕೇಬಲ್ಲಿನ ಸಿಪ್ಪೆ ಸುಲಿದು ಗ್ರಿಲ್ಲಿಗೆ ತಾಗಿರುವುದು ನಮ್ಮ ಊರುಗಳಲ್ಲಿ ಅಪರೂಪವಲ್ಲ.

ಅಜ್ಜನ ಕಾಲದ ವಾಲ್ವ್ ಸೆಟ್ಟನ್ನು ರಿಪೇರಿ ಮಾಡಿಸಿ ಮತ್ತೆ ಹಾಡಿಸುವ ಹವ್ಯಾಸ ಈಗ ಹೆಚ್ಚುತ್ತಿದೆ. ಅವರಿಗೊಂದು ಎಚ್ಚರಿಕೆ ಬೇರೆಯಾಗಿಯೇ ಹೇಳಬೇಕು. ‘ಎಸಿ/ಡಿಸಿ’ ಎಂದು ಬರೆದಿರುವ ಹಳೆಯ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಳಗಿನ ಲೋಹದ ಚಾಸಿಸ್ ನೇರ ಮೇನ್ಸಿನ ಒಂದು ತಂತಿಗೇ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಸ್ಸಿಗೆ 230 ವೋಲ್ಟ್. ಏರಿಯಲ್ ತೂತಿಗೂ ಚಾಸಿಸ್ಸಿಗೂ ನಡುವೆ ನಿಂತಿರುವುದು ಒಂದು ಹಳೆಯ ಕಂಡೆನ್ಸರ್ ಮಾತ್ರ, ಮತ್ತು ಅಷ್ಟು ವಯಸ್ಸಾದ ಕಾಗದದ ಕಂಡೆನ್ಸರುಗಳು ಸೋರುತ್ತವೆ. ಅಂಥ ಸೆಟ್ಟಿಗೆ ಕಿಟಕಿ ಗ್ರಿಲ್ ಕಟ್ಟಿದರೆ ಬೀದಿಯ ಕಡೆಯಿಂದ ಗ್ರಿಲ್ ಹಿಡಿದು ಮಾತಾಡಿಸುವವರಿಗೆ ಆಕಾಶವಾಣಿಯಲ್ಲ, ಯಮವಾಣಿ ಕೇಳಿಸೀತು. ಆ ಕಂಡೆನ್ಸರ್ ಬದಲಿಸದೆ ಯಾವ ಲೋಹಕ್ಕೂ ಸೇರಿಸಬೇಡಿ.

ಬಾಲ್ಕನಿಯ ತಂತಿ ಬಳಸುವವರು ಗುಡುಗಿನ ಹೊತ್ತಿಗೆ ಅದನ್ನು ಬಿಚ್ಚಿಡಬೇಕು. ಯುಗಾದಿ ಕಳೆದು ಭರಣಿ, ಕೃತ್ತಿಕೆಯ ಮಳೆಗಳು ಸಂಜೆ ಹೊತ್ತು ಸಿಡಿಲಿನೊಂದಿಗೇ ಬರುತ್ತವೆ. ಹಿಂದೆ ಹೊರಗೆ ಕಂಬ ನೆಟ್ಟು ಏರಿಯಲ್ ಕಟ್ಟಿದವರು ಕಿಟಕಿಯ ಹತ್ತಿರ ಒಂದು ಚಾಕು-ಸ್ವಿಚ್ ಹಾಕಿಸುತ್ತಿದ್ದರು. ಮೋಡ ಕಟ್ಟಿದರೆ ಅದನ್ನು ಕೆಳಕ್ಕೆ ಎಳೆದರಾಯಿತು, ಏರಿಯಲ್ ಸೆಟ್ಟನ್ನು ಬಿಟ್ಟು ನೇರ ಅರ್ಥ್‌ಗೆ. ಈಗ ಆ ಸ್ವಿಚ್ ಇಲ್ಲ. ಕ್ಲಿಪ್ ತೆಗೆದಿಡುವ ನೆನಪು ನಮ್ಮದೇ.

ಇಷ್ಟರಲ್ಲಿ ಯಾವುದೂ ಆಗದ ಮನೆಗಳಿವೆ. ಕಿಟಕಿ ಒಂದೇ, ಅದೂ ಎದುರು ಕಟ್ಟಡದ ಗೋಡೆಗೆ, ಬಾಲ್ಕನಿ ಇಲ್ಲ, ಮಾಲೀಕರು ಮೊಳೆ ಹೊಡೆಯಲೂ ಬಿಡುವುದಿಲ್ಲ. ಅಂಥವರಿಗೆ ಮೀಡಿಯಂ ವೇವ್‌ಗಾಗಿ ನಾನು ಹೇಳುವುದು ಚೌಕದ ಲೂಪ್. ಎರಡಡಿ ಉದ್ದಗಲದ ಮರದ ಚೌಕಟ್ಟಿಗೆ, ಅದಿಲ್ಲದಿದ್ದರೆ ದೊಡ್ಡ ರಟ್ಟಿನ ಪೆಟ್ಟಿಗೆಗೆ, ಹೊದಿಕೆ ತಂತಿಯನ್ನು ಸಣ್ಣ ಅಂತರ ಬಿಟ್ಟು ಹತ್ತು ಸುತ್ತು ಹಾಕಿ, ಎರಡು ತುದಿಗಳನ್ನೂ ಹಳೆಯ ರೇಡಿಯೊದಲ್ಲಿ ಸ್ಟೇಷನ್ ಹಿಡಿಯಲು ತಿರುಗಿಸುವ ಗ್ಯಾಂಗ್ ಕಂಡೆನ್ಸರಿಗೆ ಬೆಸೆಯಬೇಕು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರೆ ಗ್ಯಾಂಗ್ ಸಿಕ್ಕೀತು. ಕರೆಂಟು ಬೇಡ, ರೇಡಿಯೊಗೆ ತಂತಿಯ ನಂಟೂ ಬೇಡ. ಲೂಪಿನ ಪಕ್ಕ ಸೆಟ್ಟಿಟ್ಟು, ಸ್ಟೇಷನ್ನಿನ ಹತ್ತಿರ ಮುಳ್ಳು ತಂದು, ಗ್ಯಾಂಗನ್ನು ನಿಧಾನ ತಿರುಗಿಸಿದರೆ ಒಂದು ಜಾಗದಲ್ಲಿ ದನಿ ಥಟ್ಟನೆ ಎದ್ದು ನಿಲ್ಲುತ್ತದೆ. ಹಗಲು 612 ತಿಳಿಯಾಗುತ್ತದೆ. ಕತ್ತಲಾದ ಮೇಲೆ, ಮೀಡಿಯಂ ವೇವ್ ಅನ್ನು ಹಗಲೆಲ್ಲ ಹೀರಿಕೊಳ್ಳುವ ವಾಯುಮಂಡಲದ ಪದರ ಕರಗಿ, ಮೇಲಿನಿಂದ ಪುಟಿದು ಬರುವ ಹೊರರಾಜ್ಯದ ನಿಲಯಗಳೂ ಒಂದೊಂದಾಗಿ ಸಿಗುತ್ತವೆ.

ಈ ಲೂಪಿಗೆ ಇನ್ನೊಂದು ಗುಣವಿದೆ. ತನ್ನ ಅಂಚಿನ ದಿಕ್ಕಿನಿಂದ ಬರುವುದನ್ನು ಪೂರ್ತಿ ಕೇಳುತ್ತದೆ, ಮುಖದ ದಿಕ್ಕಿನಿಂದ ಬರುವುದಕ್ಕೆ ಕಿವುಡಾಗುತ್ತದೆ. ಹಾಗಾಗಿ ಗುಂಯ್ ಎನ್ನುವ ಗದ್ದಲವೊಂದು ಕಾಡುತ್ತಿದ್ದರೆ ಲೂಪನ್ನು ಮೆಲ್ಲನೆ ತಿರುಗಿಸುತ್ತ ಬಂದು, ಗದ್ದಲ ಅಡಗುವ ಕೋನದಲ್ಲಿ ನಿಲ್ಲಿಸಬಹುದು. ಆಗ ಲೂಪಿನ ಮುಖ ಯಾವ ಗೋಡೆಯತ್ತ ಇದೆಯೋ, ಸಾಮಾನ್ಯವಾಗಿ ಅದರ ಆಚೆಗೋ ಈಚೆಗೋ ಗದ್ದಲದ ಮೂಲ. ಪಕ್ಕದ ಮನೆಯವರು ಇನ್ವರ್ಟರನ್ನು ಎಲ್ಲಿಟ್ಟಿದ್ದಾರೆ ಎಂಬುದು ಅವರನ್ನು ಕೇಳದೆಯೇ ಗೊತ್ತಾಗುತ್ತದೆ. ಹೋಗಿ ಹೇಳಬೇಕೋ ಬೇಡವೋ ಎಂಬುದಕ್ಕೆ ರೇಡಿಯೊ ತಂತ್ರಜ್ಞಾನದಲ್ಲಿ ಉತ್ತರವಿಲ್ಲ.